ನರ್ಸರಿ ‘ಎ’ ವಿಭಾಗದ ಏರ್ ಕಂಡಿಷನರ್ ಅವರ ಸನ್ನಿಧಾನಕ್ಕೆ

ಮಯೂರ್ ವಿಹಾರ್, ದೆಹಲಿ
ಮೇ ೩, ೨೦೦೮

ಶೀತಲ ಸ್ವಭಾವದ, ಶ್ವೇತ ವರ್ಣದ, ಒಂದೂವರೆ ಟನ್ ಗೌರವಕ್ಕೆ ಪಾತ್ರರಾದ ಮಾನ್ಯರೇ,

ಗ್ಲೇಸಿಯರ್ ಗ್ಲೋಬಲ್ ಸ್ಕೂಲಿನ ನರ್ಸರಿ ‘ಎ’ ವಿಭಾಗದ ಗೋಡೆಯ ಮೇಲೆ ವಿರಾಜಮಾನರಾಗಿರುವ ತಮಗೆ, ಹೊರಗಿನ ನಲವತ್ತೆರಡು ಡಿಗ್ರಿ ಬಿಸಿಲಿನಿಂದ ಈ ಮುದುಕನ ಬೆಚ್ಚನೆಯ ನಮಸ್ಕಾರಗಳು. ಮೊದಲಿಗೆ ತಮ್ಮ ಆರೋಗ್ಯ. ಏಪ್ರಿಲ್ ಹದಿನೇಳರಂದು ತಾವು ಇದ್ದಕ್ಕಿದ್ದಂತೆ ಉಸಿರು ನಿಲ್ಲಿಸಿದ ಸುದ್ದಿ ತಿಳಿದಿತ್ತು. ಇಪ್ಪತ್ತಾರರಂದು ಮೆಕ್ಯಾನಿಕ್ ಬಂದು ತಮ್ಮ ಹೊಟ್ಟೆ ಬಿಚ್ಚಿ ಗ್ಯಾಸ್ ತುಂಬಿದ ಮೇಲೆ ತಾವು ಪೂರ್ತಿ ಚೇತರಿಸಿಕೊಂಡಿರೆಂದು ಕೇಳಿ ಬಹಳ ದುಃಖವಾಯಿತು. (ನನ್ನ ವಯಸ್ಸಿನವರು ಗ್ಯಾಸ್ ಹೋದರೆ ಚೇತರಿಸಿಕೊಳ್ಳುತ್ತೇವೆ, ತಾವು ತುಂಬಿದರೆ ಚೇತರಿಸಿಕೊಳ್ಳುವಿರಿ. ದೊಡ್ಡವರ ದೇಹಪ್ರಕೃತಿಯೇ ಬೇರೆ.) ‘ದುಃಖ’ ಎಂಬುದು ಕೈತಪ್ಪಿ ಬಂದ ಪದವಲ್ಲ, ಬೇಕೆಂದೇ ಬರೆದಿದ್ದೇನೆ. ಕಾರಣವನ್ನು ವಿನಯದಿಂದ ನಿವೇದಿಸಿಕೊಳ್ಳುತ್ತೇನೆ.

ಪ್ರಿನ್ಸಿಪಾಲರನ್ನು ಬಿಟ್ಟು ತಮಗೇ ಏಕೆ ಬರೆಯುತ್ತಿದ್ದೇನೆಂದು ತಾವು ಕೇಳಬಹುದು. ಬರೆಯುವ ಮುಂಚೆ ನಾನು ಎಲ್ಲರನ್ನೂ ಕೇಳಿ ಬಂದೆ. ಪ್ರಿನ್ಸಿಪಾಲ್ ಮೇಡಂ, ಇದೆಲ್ಲ ಆಡಳಿತ ಮಂಡಳಿಯ ನಿರ್ಧಾರ ಎಂದರು. ಮಂಡಳಿಯವರು, ಪೋಷಕರ ಒತ್ತಾಯ ಎಂದರು. ಪೋಷಕರು, ನಾವು ಕಟ್ಟುವ ಎಸಿ ಫೀಸಿಗೆ ತಕ್ಕ ವ್ಯವಸ್ಥೆ ಎಂದರು. ಶಿಕ್ಷಣ ಇಲಾಖೆಯ ಗುಮಾಸ್ತರು ನನ್ನ ಅರ್ಜಿಯನ್ನು ಎರಡೂ ಕಡೆ ತಿರುಗಿಸಿ ನೋಡಿ, “ಯೇ ಎಸಿ ಕಾ ಮಾಮ್ಲಾ ಹೈ, ಬಾಬೂಜಿ”, ಇದು ಎಸಿಯ ವ್ಯವಹಾರ ಎಂದರು. ಎಲ್ಲರ ಬೆರಳೂ ತಮ್ಮ ಕಡೆಗೇ ತಿರುಗಿದ್ದರಿಂದ ಈ ಶಾಲೆಯನ್ನು ನಡೆಸುತ್ತಿರುವವರು ತಾವೇ ಎಂಬ ತೀರ್ಮಾನಕ್ಕೆ ಬಂದೆ. ಹವಾನಿಯಂತ್ರಿತ ಶಾಲೆ ಎಂದು ಬೋರ್ಡಿನಲ್ಲೇ ಬರೆದಿದೆ. ನಿಯಂತ್ರಣ ಯಾರದೆಂದು ಅದನ್ನು ಓದಿದಾಗಲೇ ಹೊಳೆಯಬೇಕಿತ್ತು.

ನನ್ನ ಪರಿಚಯ: ಹೆಸರು ವೆಂಕಟಸುಬ್ಬಯ್ಯ, ವಯಸ್ಸು ಎಪ್ಪತ್ತೊಂದು, ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಸೆಕ್ಷನ್ ಆಫೀಸರ್ ಆಗಿ ನಿವೃತ್ತಿ. ಮಗ ಶಂಕರ ನೋಯ್ಡಾದ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಮ್ಯಾನೇಜರ್. ಮೊಮ್ಮಗಳು ಅದಿತಿ ತಮ್ಮ ನೆರಳಿನಲ್ಲೇ, ಅಂದರೆ ತಮ್ಮ ತಂಗಾಳಿಯಲ್ಲೇ, ‘ಎ’ ವಿಭಾಗದಲ್ಲಿ ಓದುತ್ತಿದ್ದಾಳೆ. ದಿನಾ ಅವಳನ್ನು ಬಿಡುವುದು, ಕರೆತರುವುದು, ನಡುವೆ ಗೇಟಿನ ಹತ್ತಿರ ನಿಂತು ವಾಚ್‌ಮನ್ನನ ತಲೆ ತಿನ್ನುವುದು ನನ್ನ ಈಗಿನ ನೌಕರಿ.

ಈ ಶಾಲೆಗೆ ಸರ್ಕಾರ ಅಗ್ಗದ ದರದಲ್ಲಿ ಜಮೀನು ಕೊಟ್ಟಿದೆ. ಅದಕ್ಕೆ ಪ್ರತಿಯಾಗಿ ಒಂದಿಷ್ಟು ಬಡ ಮಕ್ಕಳಿಗೆ ಫೀಸಿಲ್ಲದೆ ಪಾಠ ಹೇಳಬೇಕೆಂಬ ಷರತ್ತಿದೆ. ಜಮೀನನ್ನು ಶಾಲೆ ಮೊದಲೇ ತೆಗೆದುಕೊಂಡಿತು, ಮಕ್ಕಳನ್ನು ಕೋರ್ಟು ಕಚೇರಿ ಓಡಾಟವೆಲ್ಲ ಮುಗಿದ ಮೇಲೆ ತೆಗೆದುಕೊಂಡಿತು. ಈ ವರ್ಷ ಅಂಥ ಹದಿನಾಲ್ಕು ಮಕ್ಕಳು ನರ್ಸರಿಗೆ ಬಂದರು. ಅವರಿಗಾಗಿ ಹಿಂದುಗಡೆ ಮುರಿದ ಬೆಂಚು ತುಂಬಿಟ್ಟಿದ್ದ ಕೋಣೆಯನ್ನು ಗುಡಿಸಿ, ಒಂದು ಫ್ಯಾನು ಹಾಕಿ, ‘ಡಿ’ ವಿಭಾಗ ಎಂದು ನಾಮಕರಣ ಮಾಡಲಾಯಿತು. ‘ಎ’ ಆದ ಮೇಲೆ ನೇರ ‘ಡಿ’. ಬಿ, ಸಿ ಎಲ್ಲಿ ಎಂದು ನಾನು ಕೇಳಿದೆ. ಅಂತರ ಕಾಪಾಡಲು ಬಿಟ್ಟ ಜಾಗವಿರಬೇಕು. ‘ಎ’ ವಿಭಾಗಕ್ಕೆ ಭಟ್ನಾಗರ್ ಟೀಚರ್ ಇದ್ದರು. ‘ಡಿ’ ವಿಭಾಗಕ್ಕೆ ಟೀಚರ್ ಇರಲಿಲ್ಲ, ಟೀಚರುಗಳಿದ್ದರು: ಆ ಹೊತ್ತಿಗೆ ಬಿಡುವಿದ್ದವರು ಬಂದು ಮಕ್ಕಳನ್ನೂ ಬಿಡುವಾಗಿ ಬಿಟ್ಟು ಹೋಗುತ್ತಿದ್ದರು.

ಇದು ಭೇದಭಾವವಲ್ಲ, ಆರೋಗ್ಯಭಾವ. ಪ್ರಿನ್ಸಿಪಾಲ್ ಮೇಡಂ ಬಹಳ ಕಳಕಳಿಯಿಂದ ನನಗೆ ವಿವರಿಸಿದರು: “ಸರ್, ಯೇ ಉನ್ಹೀ ಕೇ ಲಿಯೇ ಹೈ, ಅವರ ಒಳ್ಳೇದಕ್ಕೇ. ಮನೇಲಿ ಎಸಿ ಇಲ್ಲದ ಬಚ್ಚಾ ಇಲ್ಲಿ ನಾಲ್ಕು ಗಂಟೆ ಎಸಿಯಲ್ಲಿ ಕೂತು ಬಿಸಿಲಿಗೆ ಹೋದ್ರೆ ಬೀಮಾರ್ ಪಡ್ ಜಾಯೇಗಾ ನಾ?” (ಮೇಡಂ ಕನ್ನಡ ಮಾತಾಡಲಿಲ್ಲ, ಓದುಗರಿಗೆ ಅನುಕೂಲವಾಗಲೆಂದು ಅರ್ಧ ಮಾತಿಗೆ ಕನ್ನಡದ ಅಂಗಿ ತೊಡಿಸಿದ್ದೇನೆ.) ಬಡವರ ಮಕ್ಕಳಿಗೆ ಸುಖದಿಂದ ಆಗಬಹುದಾದ ಅಪಾಯದ ಬಗ್ಗೆ ಇಷ್ಟು ಯೋಚಿಸಿದವರನ್ನು ನಾನು ಮೂವತ್ತಮೂರು ವರ್ಷದ ಸರ್ಕಾರಿ ಸೇವೆಯಲ್ಲೂ ಕಂಡಿರಲಿಲ್ಲ. ಆದ್ದರಿಂದಲೇ ಪ್ರವೇಶದ ಫಾರಂನಲ್ಲಿ ಇಪ್ಪತ್ತೆರಡನೆಯ ಪ್ರಶ್ನೆಯಾಗಿ ‘ಮನೆಯಲ್ಲಿ ಏರ್ ಕಂಡಿಷನರ್ ಇದೆಯೇ?’ ಎಂದು ಕೇಳಲಾಗಿದೆ. ಇದೆ ಎಂದವರು ಎ, ಇಲ್ಲ ಎಂದವರು ಡಿ. ಹೀಗಾಗಿ ಒಂದೇ ಮಗು ಆಫೀಸಿನ ಒಂದು ಕಿಟಕಿಯಲ್ಲಿ ಬಡತನ ಸಾಬೀತು ಮಾಡಬೇಕು, ಪಕ್ಕದ ಕಿಟಕಿಯಲ್ಲಿ ಸಿರಿತನ.

ಇಲ್ಲಿ ಅಪರಾಧಿಯೊಬ್ಬನ ಪ್ರವೇಶವಾಗುತ್ತದೆ. ಅವನು ನಾನೇ.

ನಮ್ಮ ಸೊಸೈಟಿಯ ಎದುರಿನ ಉಡುಪಿ ಹೋಟೆಲಿನಲ್ಲಿ ಜಯಾನಂದ ಎಂಬವರು ದೋಸೆಕಲ್ಲಿನ ಮುಂದೆ ನಿಂತು ಒಂಬತ್ತು ವರ್ಷವಾಯಿತು. ಹೆಂಡತಿ ಪ್ರಫುಲ್ಲಾ ಅಲ್ಲೇ ಹಿಟ್ಟು ರುಬ್ಬುತ್ತಾರೆ. ಹೋಟೆಲಿನ ಅಡುಗೆಮನೆಯ ಮೇಲಿನ ಒಂಟಿ ಕೋಣೆಯಲ್ಲಿ ಸಂಸಾರ. ಅವರ ನಾಲ್ಕು ವರ್ಷದ ಮಗಳು ನಿರೀಕ್ಷಾ ಆ ಹದಿನಾಲ್ಕರಲ್ಲಿ ಒಬ್ಬಳು. ಫಾರಂ ಇಂಗ್ಲಿಷಿನಲ್ಲಿದ್ದುದರಿಂದ ಜಯಾನಂದ ನನ್ನ ಹತ್ತಿರ ತಂದರು. ಇಪ್ಪತ್ತೆರಡನೆಯ ಪ್ರಶ್ನೆ ಓದಿ ಹೇಳಿದೆ. ಅವರು ಸ್ವಲ್ಪ ಯೋಚಿಸಿ, “ಉಂಟಲ್ಲ ರಾಯರೇ, ಅರ್ಧ ಉಂಟು” ಎಂದರು. ಅರ್ಧ ಎಂದರೆ ಏನಯ್ಯಾ ಎಂದೆ. “ಹೋಟ್ಲಿನ ಎಸಿ ಹಾಲ್ ಉಂಟಲ್ಲ, ಅದರ ಹೊರಗಿನ ಡಬ್ಬ ನಮ್ಮ ಬಾಲ್ಕನಿಯಲ್ಲೇ ಕೂರಿಸಿದ್ದಾರೆ. ತಂಪು ಗಿರಾಕಿಗಳಿಗೆ, ಬಿಸಿ ನಮ್ಗೆ” ಎಂದರು. ಪ್ರಫುಲ್ಲಾ ಕೈಯ ಹಿಟ್ಟು ಒರೆಸಿಕೊಳ್ಳುತ್ತ, “ಬೇಡ ರಾಯರೇ, ಸುಮ್ನೆ ಇಲ್ಲ ಅಂತ ಬರೀರಿ, ನಾಳೆ ಎಂತಾದ್ರೂ ಲಫಡಾ ಆದ್ರೆ?” ಎಂದು ಎಚ್ಚರಿಸಿದರು. ನನಗೆ ಆ ‘ಅರ್ಧ ಉಂಟು’ ಎಷ್ಟು ರುಚಿಸಿತೆಂದರೆ, ಆ ಹೆಣ್ಣುಮಗಳ ಮಾತು ಕಿವಿಗೆ ಬೀಳಲಿಲ್ಲ. ಫಾರಂನಲ್ಲಿ ಅರ್ಧಕ್ಕೆ ಜಾಗವಿರಲಿಲ್ಲ. ಇದೆ, ಇಲ್ಲ, ಎರಡೇ ಚೌಕ. ‘ಇದೆ’ ಎಂಬ ಚೌಕಕ್ಕೆ ನನ್ನ ಕೈಯಾರೆ ಟಿಕ್ ಹಾಕಿದೆ.

ಪರಿಣಾಮವಾಗಿ ನಿರೀಕ್ಷಾ ‘ಎ’ ವಿಭಾಗಕ್ಕೆ ಬಂದಳು. ಅದಿತಿಯ ಪಕ್ಕದ ಪುಟ್ಟ ಕುರ್ಚಿ. ಎರಡನೇ ವಾರಕ್ಕೆ ಅವಳು ಹೋಟೆಲಿನ ಮೆನು ಕಾರ್ಡಿನಲ್ಲಿ ‘ಡಿ’ ಎಲ್ಲೆಲ್ಲಿದೆ ಎಂದು ಬೆರಳಿಟ್ಟು ತೋರಿಸುತ್ತಿದ್ದಳಂತೆ. “ಅಪ್ಪಾ, ಯೇ ದೇಖೋ, ಡಿ ಫಾರ್ ದೋಸೆ” ಎಂದಳಂತೆ. ದೋಸೆಕಲ್ಲಿನ ಮುಂದೆ ಒಂಬತ್ತು ವರ್ಷ ನಿಂತವರಿಗೆ ದೋಸೆಗೆ ಇಂಗ್ಲಿಷ್ ಅಕ್ಷರವಿದೆ ಎಂದು ಮಗಳು ಹೇಳಿಕೊಟ್ಟಳು. ಜಯಾನಂದ ಅದನ್ನು ನನಗೆ ಮೂರು ಸಲ ಹೇಳಿದರು, ಮೂರನೇ ಸಲ ಹೇಳುವಾಗ ಕಲ್ಲಿನ ಮೇಲಿನದು ಸೀದುಹೋಯಿತು.

ಆಮೇಲೆ ಮನೆ ಪರಿಶೀಲನೆಗೆಂದು ಶಾಲೆಯಿಂದ ಇಬ್ಬರು ಬಂದರು. ಅಡುಗೆಮನೆಯ ಹಿಂದಿನ ಕಬ್ಬಿಣದ ಮೆಟ್ಟಿಲು ಹತ್ತಿ ನೋಡಿದರೆ ಒಂದು ಕೋಣೆ, ಒಂದು ಬಾಲ್ಕನಿ, ಬಾಲ್ಕನಿಯ ತುಂಬ ಗುರ್ರೆನ್ನುತ್ತ ಬಿಸಿಗಾಳಿ ಉಗುಳುವ ತಮ್ಮ ಜಾತಿಯವರ ಹಿಂಭಾಗ. ಬಂದವರು ಬೆವರು ಒರೆಸಿಕೊಂಡು ವರದಿ ಬರೆದರು. ಮರುದಿನವೇ ನಿರೀಕ್ಷಾಳನ್ನು ‘ಡಿ’ ವಿಭಾಗಕ್ಕೆ ಕಳಿಸಿ, ತಂದೆಗೆ ನೋಟೀಸು ಕೊಟ್ಟರು: ಫಾರಂನಲ್ಲಿ ಸುಳ್ಳು ಮಾಹಿತಿ ನೀಡಿರುವುದರಿಂದ ಜುಲೈ ಒಂದರೊಳಗೆ ಮನೆಯಲ್ಲಿ ಎಸಿ ಇರುವುದಕ್ಕೆ ಪುರಾವೆ ಒದಗಿಸತಕ್ಕದ್ದು, ತಪ್ಪಿದಲ್ಲಿ ಸೀಟು ರದ್ದು. ವಿಭಾಗ ಮಾತ್ರವಲ್ಲ ಮಾನ್ಯರೇ, ಸೀಟೇ. ಜಯಾನಂದ ನನ್ನನ್ನು ಒಂದು ಮಾತೂ ಅನ್ನಲಿಲ್ಲ. “ನೀವು ಒಳ್ಳೇದಕ್ಕೇ ಹಾಕಿದ್ದು ರಾಯರೇ” ಎಂದರು. ಅನ್ನಬೇಕಿತ್ತು. ಪ್ರಫುಲ್ಲಾ ಮಾತ್ರ ಅವತ್ತಿನಿಂದ ನನ್ನ ಕಾಫಿಗೆ ಸಕ್ಕರೆ ಹಾಕುವುದನ್ನು ಮರೆಯುತ್ತಿದ್ದಾರೆ. ಅದು ಮರೆವಲ್ಲ ಎಂದು ನನಗೂ ಗೊತ್ತು, ಅವರಿಗೂ ಗೊತ್ತು.

ಈ ಹಂತದಲ್ಲಿ ತಾವು ಮಾಡಿದ ಉಪಕಾರವನ್ನು ಸ್ಮರಿಸದಿದ್ದರೆ ನಾನು ಕೃತಘ್ನನಾಗುತ್ತೇನೆ. ನಿರೀಕ್ಷಾಳನ್ನು ‘ಡಿ’ಗೆ ಕಳಿಸಿದ ಎರಡೇ ದಿನಕ್ಕೆ ತಾವು ಕೆಟ್ಟಿರಿ. ತಮ್ಮ ತಂಪು ಸೋರದಿರಲೆಂದು ‘ಎ’ ವಿಭಾಗದ ಕಿಟಕಿಗಳನ್ನೆಲ್ಲ ಗಾಜು ಹಾಕಿ ಮುಚ್ಚಿದ್ದರಿಂದ, ತಾವು ನಿಂತ ಅರ್ಧ ಗಂಟೆಯಲ್ಲಿ ಮೂವತ್ತು ಮಕ್ಕಳು ಇಡ್ಲಿ ಪಾತ್ರೆಯಲ್ಲಿದ್ದಂತಾದರು. ಕಿಟಕಿ ತೆರೆಯುವ ಕೋಣೆ ಇಡೀ ಮಹಡಿಗೆ ಒಂದೇ ಇತ್ತು, ‘ಡಿ’. ಮೂವತ್ತು ಮಕ್ಕಳೂ ಭಟ್ನಾಗರ್ ಟೀಚರ ಹಿಂದೆ ಸಾಲಾಗಿ ಅಲ್ಲಿಗೆ ನಡೆದರು. ಕುರ್ಚಿ ಸಾಲದೆ ದರಿ, ಅಂದರೆ ಜಮಖಾನೆ, ಹಾಸಿದರು. ಕಿಟಕಿಯಾಚೆ ಮೆಟ್ರೋದವರು ಕಂಬ ಎಬ್ಬಿಸುತ್ತಿದ್ದರಲ್ಲ, ಟೀಚರು ಅದನ್ನೇ ತೋರಿಸಿ ನಲವತ್ತನಾಲ್ಕು ಮಕ್ಕಳಿಗೂ ಎಣಿಕೆ ಕಲಿಸಿದರು. ಅಷ್ಟು ದಿನದಲ್ಲಿ ಯಾರಿಗೂ ನೆಗಡಿಯಾಗಲಿಲ್ಲ. ಅದಿತಿಗೆ ಹೊಟ್ಟೆ ಕೆಟ್ಟದ್ದು ನಿಜ; ಅದು ನನ್ನ ಜೊತೆ ಸರೋಜಿನಿ ನಗರದ ಮಾರ್ಕೆಟ್ಟಿನಲ್ಲಿ ಗೋಲ್‌ಗಪ್ಪಾ ತಿಂದದ್ದಕ್ಕೆ, ಸಾಮಾಜಿಕ ಬದಲಾವಣೆಗೂ ಅದಕ್ಕೂ ಸಂಬಂಧವಿಲ್ಲ.

ತಮ್ಮ ಅನಾರೋಗ್ಯದ ನಿಮಿತ್ತ ಪೋಷಕರ ತುರ್ತು ಸಭೆ ಸೇರಿತು. ಮಂತ್ರಿಗಳಿಗೆ ಹುಷಾರಿಲ್ಲದಾಗಲೂ ಇಷ್ಟು ಜನ ಸೇರಿದ್ದನ್ನು ನಾನು ಕಂಡಿಲ್ಲ. ಒಬ್ಬ ತಂದೆ ಎದ್ದು, “ಭಾಯಿಸಾಬ್, ಸರ್ಕಾರ ತನ್ನ ಸ್ಕೂಲ್ ಠೀಕ್ ಮಾಡ್ಲಿ! ಸಮಾಜ ಸುಧಾರಣೆ ನನ್ನ ಮಗನ ಬೆಂಚಿನಿಂದಲೇ ಯಾಕೆ ಶುರು ಆಗ್ಬೇಕು?” ಎಂದರು. ಒಬ್ಬ ತಾಯಿ, “ಮೇರಾ ಬೇಟಾ ಇನ್ ಬಚ್ಚೋಂ ಸೇ ‘ಅಬೇ’ ಬೋಲ್‌ನಾ ಸೀಖ್ ಗಯಾ” ಎಂದು, ಈ ಮಕ್ಕಳಿಂದ ಮಗ ‘ಲೇ’ ಅನ್ನುವುದು ಕಲಿತನೆಂದು, ಕಣ್ಣೊರೆಸಿಕೊಂಡರು. “ಬೇಟೀ, ನಿನ್ನ ಯಜಮಾನರು ಗೇಟಿನ ಹತ್ತಿರ ಕಾರು ನಿಲ್ಲಿಸುವಾಗ ವಾಚ್‌ಮನ್‌ಗೆ ದಿನಾ ಹೇಳೋದು ಅದೇ ಅಲ್ವಾ” ಎಂದು ನಾನು ಕೇಳಿದ್ದು ಅವರಿಗೆ ಹಿಡಿಸಲಿಲ್ಲ. ನ್ಯಾಯವಾದ ಮಾತೂ ಬಂತು, ಅದನ್ನೂ ದಾಖಲಿಸುತ್ತೇನೆ. ಹಿಂದಿನ ಸಾಲಿನ ಸರ್ದಾರ್‌ಜಿಯೊಬ್ಬರು, “ನಲವತ್ತನಾಲ್ಕು ಮಕ್ಕಳಿಗೆ ಒಬ್ಬಳೇ ಟೀಚರ್. ಯೇ ಕೈಸಾ ಗ್ಲೋಬಲ್ ಸ್ಕೂಲ್ ಹೈ ಜೀ?” ಎಂದು ಕೇಳಿದರು. ಯಾರ ಮೇಲೂ ಹೊಟ್ಟೆಕಿಚ್ಚಿಲ್ಲ, ಯಾರ ಮೇಲೂ ಸಿಟ್ಟಿಲ್ಲ, ಬರೀ ಲೆಕ್ಕ. ಇನ್ನೊಬ್ಬ ಟೀಚರನ್ನು ತನ್ನಿ ಎಂದು ನಾನೂ ಕೂಗಿದೆ. ಹಾಗಾದರೆ ಫೀಸು ಏರಿಸಬೇಕಾಗುತ್ತದೆ ಎಂದು ಮಂಡಳಿಯವರು ಹೇಳಿದ ತಕ್ಷಣ ಶಿಕ್ಷಣದ ಗುಣಮಟ್ಟದ ಮೇಲಿನ ಚರ್ಚೆ ಮುಗಿಯಿತು. ತಮ್ಮ ರಿಪೇರಿಗೆ ಮಾತ್ರ ಹಣ ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ. ತಮ್ಮ ಪ್ರಭಾವ ಅಂಥದ್ದು.

ಕೊನೆಗೆ ಒಂದು ಮನವಿ ತಯಾರಾಯಿತು: ಎಸಿಯನ್ನು ಕೂಡಲೇ ಸರಿಪಡಿಸಿ ‘ಎ’ ಮತ್ತು ‘ಡಿ’ ವಿಭಾಗಗಳನ್ನು ಮೊದಲಿನಂತೆ ಬೇರ್ಪಡಿಸಬೇಕು. ಇಪ್ಪತ್ತಾರು ಸಹಿ. ಹನ್ನೊಂದನೆಯದು ನನ್ನ ಮಗ ಶಂಕರನದು. ಮನೆಗೆ ಬರುವಾಗ ಅವನು ಕಾರಿನಲ್ಲಿ, “ಅಪ್ಪಾ, ನಂಗೆ ಆ ಮಗು ಮೇಲೆ ಏನೂ ಇಲ್ಲ. ಬಟ್ ನಾವು ಪೇ ಮಾಡ್ತಿರೋದು ಒಂದು ಫೆಸಿಲಿಟಿಗೆ. ಪ್ರಿನ್ಸಿಪಲ್ ಅಂತ ಒಂದಿರತ್ತಲ್ವಾ?” ಎಂದ. ಪ್ರಿನ್ಸಿಪಾಲರನ್ನು ಈಗಷ್ಟೇ ನೋಡಿ ಬಂದೆನಪ್ಪಾ ಎಂದೆ. ಇದೇ ಶಂಕರ ಸರೋಜಿನಿ ನಗರದ ಕ್ವಾರ್ಟರ್ಸಿನಲ್ಲಿ ಬೆಳೆದವನು. ಕಟ್ಟಡವಿಲ್ಲದ ಸರ್ಕಾರಿ ಶಾಲೆಯ ಡೇರೆಯೊಳಗೆ, ನಮ್ಮ ಆಫೀಸಿನ ಕಸ ಗುಡಿಸುತ್ತಿದ್ದ ಜಮಾದಾರ ಏಕನಾಥನ ಮಗನ ಜೊತೆ ಒಂದೇ ದರಿಯ ಮೇಲೆ ಕೂತು ಮಗ್ಗಿ ಕಲಿತವನು. ಹದಿನೇಳರ ಮಗ್ಗಿ ಅವನಿಗೆ ಬರುತ್ತಿರಲಿಲ್ಲ, ಏಕನಾಥನ ಮಗ ಹೇಳಿಕೊಟ್ಟ. ಆ ಡೇರೆಯಲ್ಲಿ ತಾವಿರಲಿಲ್ಲ. ಇದ್ದಿದ್ದರೆ ಶಂಕರನಿಗೆ ಇವತ್ತಿಗೂ ಹದಿನೇಳರ ಮಗ್ಗಿ ಬರುತ್ತಿರಲಿಲ್ಲ.

ಇನ್ನು ಕಳೆದ ಸೋಮವಾರದ ವಿಷಯ. ತಾವು ಗುಣಮುಖರಾಗಿದ್ದಿರಿ, ಮಕ್ಕಳನ್ನು ವಿಂಗಡಿಸುವ ಮುಹೂರ್ತ ಬಂದಿತ್ತು. ನಾನು ಆ ತೆರೆದ ಕಿಟಕಿಯ ಹೊರಗೆ ನಿಂತು ಎಲ್ಲವನ್ನೂ ನೋಡಿದೆ. ಪ್ರಿನ್ಸಿಪಾಲ್ ಮೇಡಂ ಬಂದು ಪ್ರೀತಿಯಿಂದ, ‘ಎ’ ವಿಭಾಗದ ಮಕ್ಕಳು ಕೈಯೆತ್ತಿ ಎಂದರು. ನಲವತ್ತನಾಲ್ಕು ಕೈಗಳೂ ಮೇಲೆ. ಸರಿ, ‘ಡಿ’ ವಿಭಾಗದ ಮಕ್ಕಳು ಕೈಯೆತ್ತಿ ಎಂದರು. ಮತ್ತೆ ನಲವತ್ತನಾಲ್ಕು, ಈ ಸಲ ಕೆಲವರು ಎರಡೆರಡು. ನಾಲ್ಕು ವರ್ಷದವರಿಗೆ ಕೈಯೆತ್ತುವುದೇ ಒಂದು ಹಬ್ಬ ಎಂಬುದು ದೊಡ್ಡ ಪದವಿಗೆ ಹೋದವರಿಗೆ ಮರೆತುಹೋಗಿರುತ್ತದೆ. ಶಾಲೆಯ ಗುಮಾಸ್ತರು ಆಫೀಸಿನಿಂದ ಹದಿನಾಲ್ಕು ಹೆಸರಿನ ಪಟ್ಟಿ ತಂದು ಒಂದೊಂದಾಗಿ ಕೂಗಿದರು. ಪ್ರತಿಯೊಂದು ಹೆಸರಿಗೂ ಇಡೀ ಕೋಣೆ, ಮೀಸೆಯ ಗುಮಾಸ್ತರನ್ನು ನೋಡಿ, “ಪ್ರೆಸೆಂಟ್ ಮ್ಯಾಮ್!” ಎಂದು ಅರಚಿತು. ನಮ್ಮ ಅದಿತಿ ಏಳು ಹೆಸರಿಗೆ ಹಾಜರಾದಳು.

ಆಗ ಮೇಡಂ ಭಟ್ನಾಗರ್ ಟೀಚರ ಕಡೆ ತಿರುಗಿ, ನೀವೇ ತೋರಿಸಿ, ಯಾರು ಯಾರು ಎಂದರು. ಟೀಚರಿಗೆ ಆ ನಲವತ್ತನಾಲ್ಕೂ ಮಕ್ಕಳ ಹೆಸರು, ಟಿಫಿನ್ನು, ಯಾರಿಗೆ ಚಪ್ಪಲಿ ಎಡಬಲ ಗೊತ್ತಾಗುವುದಿಲ್ಲ, ಎಲ್ಲ ಬಾಯಿಪಾಠ. ಅವರು ಮಕ್ಕಳ ತಲೆಗಳ ಮೇಲೆ ನಿಧಾನವಾಗಿ ಒಮ್ಮೆ ಕಣ್ಣಾಡಿಸಿದರು. “ಸಾರಿ ಮ್ಯಾಮ್, ಮುಝೇ ನಹೀಂ ಪತಾ. ಡಿ ಕಾ ರಿಜಿಸ್ಟರ್ ದೇಖ್ ಲೀಜಿಯೇ” ಎಂದರು. ಗೊತ್ತಿಲ್ಲ, ‘ಡಿ’ಯ ಹಾಜರಿ ಪುಸ್ತಕ ನೋಡಿ ಅಂತ. ‘ಡಿ’ ವಿಭಾಗಕ್ಕೆ ಹಾಜರಿ ಪುಸ್ತಕವೇ ಇರಲಿಲ್ಲ, ಮಾನ್ಯರೇ. ಗೊತ್ತುಪಡಿಸಿದ ಟೀಚರ್ ಇಲ್ಲದ ತರಗತಿಗೆ ಪುಸ್ತಕ ಯಾರು ತೆರೆಯುತ್ತಾರೆ? ಬಿಡುವಿದ್ದವರು ಬಿಡಿ ಹಾಳೆಯಲ್ಲಿ ಬರೆದು ಬಿಸಾಡಿದ್ದರು.

ಮೂವತ್ತಮೂರು ವರ್ಷ ಕಡತ ನೋಡಿದ ಕಣ್ಣು ನನ್ನದು. ಅಲ್ಲೇ ಕಿಟಕಿಯಿಂದಲೇ ನಿವೇದಿಸಿಕೊಂಡೆ: ನಿರೀಕ್ಷಾಳ ಹೆಸರು ‘ಎ’ಯ ಪುಸ್ತಕದಲ್ಲಿದೆ. ‘ಡಿ’ಗೆ ಪುಸ್ತಕವೇ ಇಲ್ಲ. ಇರುವ ಪುಸ್ತಕದಿಂದ ಇಲ್ಲದ ಪುಸ್ತಕಕ್ಕೆ ಹೆಸರನ್ನು ವರ್ಗಾಯಿಸಿದ್ದು ಯಾವ ನಿಯಮದಡಿ? ಇನ್ಸ್‌ಪೆಕ್ಷನ್ನಿನವರು ಕೇಳಿದರೆ ಏನು ತೋರಿಸುತ್ತೀರಿ? ಮೇಡಂ ಕಿಟಕಿಯ ಹತ್ತಿರ ಬಂದು, “ಅಂಕಲ್‌ಜಿ, ಆಪ್ ಅಂದರ್ ಆಕೇ ಬೈಠಿಯೇ, ಧೂಪ್ ಬಹುತ್ ಹೈ” ಎಂದರು. ಬಿಸಿಲು ಜಾಸ್ತಿ, ಒಳಗೆ ಬನ್ನಿ ಎಂದು. ಹೋಗಲಿಲ್ಲ, ಅಭ್ಯಾಸವಿಲ್ಲದವನಿಗೆ ನೆಗಡಿಯಾದೀತು. ಕೊನೆಗೆ ಆದೇಶ ಹೀಗಾಯಿತು: ಬೇಸಿಗೆ ರಜೆ ಮುಗಿಯುವ ತನಕ ಎಲ್ಲರೂ ಒಂದೇ ಕೋಣೆ. ಜುಲೈ ಒಂದಕ್ಕೆ ಫೋಟೋ ಸಹಿತ ಹೊಸ ರಿಜಿಸ್ಟರ್, ಆಮೇಲೆ ವಿಂಗಡಣೆ. ನಿರೀಕ್ಷಾಳ ಸೀಟಿನ ತೀರ್ಮಾನವೂ ಅದೇ ದಿನ.

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣ ಬೇಡಿಕೆಗಳು. ಹೋಟೆಲಿನ ಬಾಲ್ಕನಿಯಲ್ಲಿ ಕೂತಿರುವವರು ತಮ್ಮ ಕುಲದವರೇ, ಒಳಗಿನವರಿಗೂ ಹೊರಗಿನವರಿಗೂ ಒಂದೇ ಪೈಪಿನ ರಕ್ತಸಂಬಂಧ, ಬಿಸಿ ಉಗುಳುವವರಿಲ್ಲದೆ ತಂಪು ಉಣ್ಣುವವರಿಲ್ಲ ಎಂದು ತಾವು ಒಂದು ಹಾಳೆಯಲ್ಲಿ ದೃಢೀಕರಿಸಿಕೊಟ್ಟರೆ ಜಯಾನಂದರ ಪುರಾವೆಗೆ ಅದೇ ಸಾಕು. ಅದಾಗದಿದ್ದರೆ, ಟಿಕ್ ಹಾಕಿದ ಕೈ ಯಾರದೆಂದು ಸಾಕ್ಷಿ ಹೇಳಿ. ಸುಳ್ಳು ಮಾಹಿತಿಗೆ ಶಿಕ್ಷೆಯಾಗಲೇಬೇಕೆಂದರೆ ನನ್ನ ಹೆಸರನ್ನು ‘ಡಿ’ ವಿಭಾಗಕ್ಕೆ ಸೇರಿಸಲಿ. ದರಿಯ ಮೇಲೆ ಕೂರಲು ಮಂಡಿ ಒಪ್ಪುವುದಿಲ್ಲ, ಆದರೂ ಕೂರುತ್ತೇನೆ. ಭಟ್ನಾಗರ್ ಟೀಚರಿಗೆ ಜೊತೆಯಾಗಿ ಇನ್ನೊಬ್ಬ ಟೀಚರು ಬರುವಂತೆ ತಮ್ಮ ಸಂಬಳದಲ್ಲಿ, ಅಂದರೆ ತಮ್ಮ ಕರೆಂಟ್ ಬಿಲ್ಲಿನಲ್ಲಿ, ಸ್ವಲ್ಪ ಬಿಟ್ಟುಕೊಡಿ. ಇದ್ಯಾವುದೂ ಆಗದಿದ್ದರೆ ಜುಲೈ ಒಂದರ ಬೆಳಿಗ್ಗೆ ಎಂಟಕ್ಕೆ ದಯವಿಟ್ಟು ಇನ್ನೊಮ್ಮೆ ಕೆಡಿ. ಈ ಊರಿನ ವೋಲ್ಟೇಜು ತಮಗೆ ಖಂಡಿತ ಸಹಕರಿಸುತ್ತದೆ. ಎಲ್ಲರೂ ಸರಿಯಾಗಿ ಕೆಲಸ ಮಾಡಿದ್ದರಿಂದ ಆಗದ ಒಳ್ಳೆಯ ಕೆಲಸವೊಂದು, ತಾವೊಬ್ಬರು ಒಂಬತ್ತು ದಿನ ಕೆಲಸ ಮಾಡದಿದ್ದುದರಿಂದ ಆಯಿತು ಎಂಬುದನ್ನು ಅತ್ಯಂತ ಗೌರವದಿಂದ ತಮ್ಮ ಗಮನಕ್ಕೆ ತರುತ್ತೇನೆ.

ಬಿಸಿಲಲ್ಲಿ ನಿಂತೇ ಉತ್ತರ ಕಾಯುತ್ತಿರುವ,
ತಮ್ಮ ವಿಶ್ವಾಸಿ,
ವೆಂಕಟಸುಬ್ಬಯ್ಯ

ಮರೆತ ಮಾತು: ಈ ಪತ್ರ ನಮ್ಮ ಬಡಾವಣೆಯ ಕನ್ನಡಿಗರ ಮಾಸಿಕದಲ್ಲಿ ಅಚ್ಚಾಗುತ್ತದೆಂದು ತಿಳಿದು ಶಂಕರ ನಿನ್ನೆ ಕರಡು ಓದಿದ. ಎರಡು ಸಲ ಓದಿ, “ಅಪ್ಪಾ, ಪ್ಲೀಸ್, ನನ್ನ ಹೆಸರು ತೆಗೀರಿ” ಎಂದ. ಖಂಡಿತ ಮಗನೇ, ನೀನು ಆ ಮನವಿಯಿಂದ ನಿನ್ನ ಹೆಸರು ತೆಗಿ, ನಾನು ಈ ಪತ್ರದಿಂದ ತೆಗೆಯುತ್ತೇನೆ ಎಂದೆ. ಸಂಪಾದಕರಿಗೆ ಹೇಳಿ ಪ್ರೆಸ್ಸಿಗೆ ಕಳಿಸುವುದನ್ನು ಇವತ್ತು ಸಂಜೆ ಆರರವರೆಗೆ ತಡೆಸಿದ್ದೆ. ಅವನ ಹೆಸರು ಮೇಲೆ ಹಾಗೆಯೇ ಉಳಿದಿರುವುದನ್ನು ಮಾನ್ಯರು ಗಮನಿಸಿರಬಹುದು.